ಸೆಟ್ ಬಿಚ್ಚುವ ಮೊದಲು ಕೇಬಲ್ ನೋಡಿ: ಬೋಟಿನ ವೈರ್‌ಲೆಸ್ ಸರಿಯಾಗಿ ಕೇಳಿಸದಿದ್ದರೆ ಮಾಡಬೇಕಾದ ಕೆಲಸಗಳು

ನನ್ನ ರಿಪೇರಿ ಬೆಂಚು ಇರುವುದು ಬೆಂಗಳೂರಿನಲ್ಲಿ, ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳ ಅಂಗಡಿಗಳಿರುವ ಎಸ್.ಪಿ. ರಸ್ತೆಯಿಂದ ಎರಡು ಗಲ್ಲಿ ಈಚೆ. ಸಮುದ್ರ ಇಲ್ಲಿಂದ ಒಂದು ರಾತ್ರಿಯ ಬಸ್ ದಾರಿ. ಆದರೂ ಜೂನ್ ಬಂತೆಂದರೆ ಬೆಂಚಿನ ಮೇಲೆ ಬೋಟಿನ ವೈರ್‌ಲೆಸ್ ಸೆಟ್‌ಗಳು ಸಾಲಾಗಿ ಕೂರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದಲ್ವಾ, ಆಗ ಎಲ್ಲರಿಗೂ ಸೆಟ್ ನೆನಪಾಗುತ್ತದೆ. ಮಲ್ಪೆ, ಗಂಗೊಳ್ಳಿ, ಹೊನ್ನಾವರದಿಂದ ರಾತ್ರಿ ಬಸ್ಸಿಗೆ ಹಾಕಿದ ಡಬ್ಬ ಬೆಳಿಗ್ಗೆ ನನ್ನ ಕೈ ಸೇರುತ್ತದೆ. ಮೇಲೆ ಚೀಟಿ ಅಂಟಿಸಿರುತ್ತಾರೆ: 'ಸರಿ ಕೇಳುವುದಿಲ್ಲ.'

ಬೆಂಚಿನ ಮೇಲೆ ಇಟ್ಟು ನೋಡಿದರೆ ಆ ಸೆಟ್‌ಗಳಲ್ಲಿ ಹೆಚ್ಚಿನವು ಚೆನ್ನಾಗಿಯೇ ಇರುತ್ತವೆ. ಒರೆಸಿ, ಮತ್ತೆ ಪ್ಯಾಕ್ ಮಾಡಿ ವಾಪಸ್ ಕಳಿಸುತ್ತೇನೆ. ತೊಂದರೆ ಮಾತ್ರ ಬೋಟಿನಲ್ಲೇ ಉಳಿದಿರುತ್ತದೆ. ಆಂಟೆನಾದಿಂದ ಸೆಟ್ಟಿನವರೆಗೆ ಬರುವ ಕೇಬಲ್ಲಿನಲ್ಲಿ, ಅದರ ತುದಿಯ ಕನೆಕ್ಟರಿನಲ್ಲಿ, ಇಲ್ಲವೇ ಪಕ್ಕದ ಲೈಟಿನಲ್ಲಿ ಅಡಗಿ ಕೂತಿರುತ್ತದೆ.

ಮಲ್ಪೆಯಲ್ಲಿ ಬೋಟ್ ಇಟ್ಟಿರುವ ನನ್ನ ಭಾವ ಒಂದೇ ಸೆಟ್ಟನ್ನು ಎರಡು ಸಲ ಕಳಿಸಿದರು. ಎರಡು ಸಲವೂ ಸೆಟ್ ಸರಿ ಇತ್ತು. ಮೂರನೇ ಸಲ ಫೋನ್ ಬಂತು: "ಎಂತ ಮಾರಾಯ, ಎಂತದೂ ಕೇಳುದೇ ಇಲ್ಲ. ನೀನು ನೋಡಿದ್ದೀಯಾ ಇಲ್ವಾ?" ಆಗ ಉಪಕರಣದ ಚೀಲ ಹೆಗಲಿಗೆ ಹಾಕಿಕೊಂಡು ನಾನೇ ಬಸ್ ಹತ್ತಿದೆ. ದಕ್ಕೆಯಲ್ಲಿ (ಬೋಟ್ ಕಟ್ಟುವ ಕಟ್ಟೆಯಲ್ಲಿ) ಎರಡು ದಿನ ಕೂತು ಹುಡುಕಿದ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಬೇಕಾಗುವುದು ಒಂದು ಮಲ್ಟಿಮೀಟರ್, ಒಂದು ಒಳ್ಳೆಯ ಸೋಲ್ಡರಿಂಗ್ ಐರನ್, ಸ್ವಲ್ಪ ತಾಳ್ಮೆ ಮತ್ತು ಮಳೆ ಬಿಟ್ಟ ಒಂದು ದಿನ.

ಮೊದಲು ಲೆಕ್ಕ: ಎಷ್ಟು ದೂರ ಕೇಳಿಸಬೇಕು?

ಸಮುದ್ರದ ವಿಎಚ್‌ಎಫ್ ಸೆಟ್ 156ರಿಂದ 162 ಮೆಗಾಹರ್ಟ್ಸ್ ನಡುವೆ ಕೆಲಸ ಮಾಡುತ್ತದೆ. ತುರ್ತು ಕರೆಯ 16ನೇ ಚಾನೆಲ್ ಅಂದರೆ 156.8 ಮೆಗಾಹರ್ಟ್ಸ್. ಈ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಹೋಗುತ್ತವೆ. ಭೂಮಿ ಬಾಗಿದೆ. ಹಾಗಾಗಿ ದೂರವನ್ನು ತೀರ್ಮಾನಿಸುವುದು ವಾಟ್‌ಗಿಂತ ಜಾಸ್ತಿ ಆಂಟೆನಾದ ಎತ್ತರ.

ಲೆಕ್ಕ ಸುಲಭ. ನೀರಿನಿಂದ ಆಂಟೆನಾ ಎಷ್ಟು ಮೀಟರ್ ಎತ್ತರ ಇದೆಯೋ ಅದರ ವರ್ಗಮೂಲ ತೆಗೆದು 4.1ರಿಂದ ಗುಣಿಸಿ. ಅಷ್ಟು ಕಿಲೋಮೀಟರ್ ನಿಮ್ಮ ಪಾಲು. ಎದುರಿನವರ ಆಂಟೆನಾಕ್ಕೂ ಹಾಗೇ ಮಾಡಿ. ಎರಡನ್ನೂ ಕೂಡಿಸಿ. 4 ಮೀಟರ್ ಎತ್ತರದ ಆಂಟೆನಾ ಇರುವ ಎರಡು ಬೋಟ್‌ಗಳಾದರೆ 8.2 ಮತ್ತು 8.2, ಸುಮಾರು 16 ಕಿ.ಮೀ. ಅಂದರೆ 9 ನಾಟಿಕಲ್ ಮೈಲು. ನಿಮ್ಮದನ್ನು 9 ಮೀಟರಿಗೆ ಏರಿಸಿದರೆ 20 ಕಿ.ಮೀ. ದಾಟುತ್ತದೆ. ದಡದ ಗೋಪುರದ ಆಂಟೆನಾ 64 ಮೀಟರ್ ಎತ್ತರ ಇದ್ದರೆ ಅದೊಂದರ ಪಾಲೇ 33 ಕಿ.ಮೀ. ಹಾಗಾಗಿ ಪಕ್ಕದ ಬೋಟ್ ಕೇಳಿಸದ ದೂರದಲ್ಲೂ ಬಂದರು ಕೇಳಿಸಬಹುದು. ಅದು ದೋಷವಲ್ಲ.

ಭಾವ ಕೇಳಿದರು: "ಬೆಂಗಳೂರು ಅಷ್ಟು ಎತ್ತರದಲ್ಲಿದೆಯಲ್ಲ, ನಿನಗೆ ಅಲ್ಲೇ ಕೇಳಬೇಕಲ್ವಾ?" ಒಳ್ಳೆಯ ಪ್ರಶ್ನೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ. ಅದೇ ಲೆಕ್ಕ ಹಾಕಿದರೆ 125 ಕಿ.ಮೀ. ಹತ್ತಿರ ಬರುತ್ತದೆ. ಮಲ್ಪೆ ನೇರ ಗೆರೆಯಲ್ಲೇ 300 ಕಿ.ಮೀ. ಆಚೆ ಇದೆ, ನಡುವೆ ಪಶ್ಚಿಮ ಘಟ್ಟ ಬೇರೆ. ಇಲ್ಲಿ 16ನೇ ಚಾನೆಲ್ ಹಾಕಿದರೆ ಬರೀ ಮೌನ. ಅದಕ್ಕೇ ನಾನು ಸಿಗ್ನಲ್ ಜನರೇಟರ್ (ಬೇಕಾದ ಸಿಗ್ನಲ್ ಹುಟ್ಟಿಸಿ ಕೊಡುವ ಯಂತ್ರ) ಇಟ್ಟು ಪರೀಕ್ಷೆ ಮಾಡುವುದು.

ಇನ್ನೊಂದು ಮಾತು. ಮಳೆಗಾಲಕ್ಕೆ ಮುಂಚಿನ ಸೆಕೆಯ, ಗಾಳಿಯಿಲ್ಲದ ದಿನಗಳಲ್ಲಿ ಅಲೆಗಳು ಗಾಳಿಯ ಪದರಗಳ ನಡುವೆ ಸಿಕ್ಕಿಕೊಂಡು ಕೆಲವೊಮ್ಮೆ ನೂರಾರು ಕಿಲೋಮೀಟರ್ ಹೋಗುತ್ತವೆ. 'ಏಪ್ರಿಲ್‌ನಲ್ಲಿ ಎಲ್ಲೆಲ್ಲಿಯದೋ ಕೇಳುತ್ತಿತ್ತು, ಈಗ ಇಲ್ಲ' ಎಂದು ಸೆಟ್ ಕಳಿಸಬೇಡಿ. ನಿಮ್ಮ ಲೆಕ್ಕದ ದೂರದ ಒಳಗೇ ಕೇಳಿಸದಿದ್ದರೆ ಮುಂದೆ ಓದಿ.

ಸೆಟ್ಟಿನ ಗುಂಡಿಗಳು: ಐದು ನಿಮಿಷದ ಕೆಲಸ

ಸ್ಕ್ವೆಲ್ಚ್ (ಯಾರೂ ಮಾತಾಡದಾಗ ಸೆಟ್ಟಿನ ಸದ್ದು ಅಡಗಿಸುವ ಗುಂಡಿ) ಪೂರ್ತಿ ಬಿಚ್ಚಿ, ಅಂದರೆ ಹಿಂದಕ್ಕೆ ತಿರುಗಿಸಿ. 'ಸ್ಸ್' ಎಂಬ ಸದ್ದು ಜೋರಾಗಿ ಬರಬೇಕು. ಈಗ ನಿಧಾನ ತಿರುಗಿಸುತ್ತಾ ಆ ಸದ್ದು ನಿಂತ ಜಾಗದಲ್ಲೇ ಬಿಡಿ. ಅದಕ್ಕಿಂತ ಮುಂದೆ ಹೋದಷ್ಟೂ ದೂರದ ದನಿಗಳನ್ನು ನೀವೇ ಬಾಗಿಲು ಹಾಕಿ ಹೊರಗೆ ನಿಲ್ಲಿಸಿದಂತೆ. ಸದ್ದಿನ ಕಿರಿಕಿರಿಗೆ ಅದನ್ನು ಪೂರ್ತಿ ಬಿಗಿ ಮಾಡಿಟ್ಟುಕೊಂಡ ತಾಂಡೇಲರನ್ನು (ಬೋಟ್ ನಡೆಸುವವರನ್ನು) ತುಂಬ ನೋಡಿದ್ದೇನೆ.

ಪೂರ್ತಿ ಬಿಚ್ಚಿದರೂ 'ಸ್ಸ್' ಬರದಿದ್ದರೆ ಸ್ಪೀಕರ್ ನೋಡಿ. ಉಪ್ಪುಗಾಳಿಗೆ ಸ್ಪೀಕರಿನ ಕಾಗದ ಕೊಳೆತಿರಬಹುದು. ಹೊರಗಿನ ಸ್ಪೀಕರಿನ ಜ್ಯಾಕ್ ಅರ್ಧ ಸಿಕ್ಕಿ ಒಳಗಿನದನ್ನು ಬಂದ್ ಮಾಡಿರಬಹುದು.

ಮುಂದೆ ಲೋಕಲ್/ಡಿಎಕ್ಸ್ ಎಂಬ ಆಯ್ಕೆ. ಬಹಳಷ್ಟು ಸೆಟ್‌ಗಳಲ್ಲಿ ಇದೆ, ಕೆಲವದರಲ್ಲಿ ಮೆನು ಒಳಗೆ ಅಡಗಿದೆ. ಲೋಕಲ್ ಅಂದರೆ ಸೆಟ್ ಬೇಕೆಂದೇ ತನ್ನ ಕಿವಿ ಮಂದ ಮಾಡಿಕೊಳ್ಳುತ್ತದೆ. ಗಿಜಿಗುಡುವ ಬಂದರಿನೊಳಗೆ ಅದು ಉಪಯೋಗ. ಹಾಗೇ ಬಿಟ್ಟು ಆಳಸಮುದ್ರಕ್ಕೆ ಹೋದರೆ ಏನೂ ಕೇಳಿಸದು. ಡಿಎಕ್ಸ್‌ಗೆ, ಅಂದರೆ ದೂರಕ್ಕೆ, ಹಾಕಿ.

ಚಾನೆಲ್ ಪಟ್ಟಿಯನ್ನೂ ನೋಡಿ. ಹೊರದೇಶದಿಂದ ಬಂದ ಸೆಟ್‌ಗಳಲ್ಲಿ ಅಮೆರಿಕ, ಕೆನಡಾ, ಇಂಟರ್‌ನ್ಯಾಷನಲ್ ಎಂದು ಮೂರು ಪಟ್ಟಿ ಇರುತ್ತವೆ. ನಮಗೆ ಬೇಕಾದದ್ದು ಇಂಟರ್‌ನ್ಯಾಷನಲ್. ಬಂದರಿನ ಕೆಲವು ಚಾನೆಲ್‌ಗಳಲ್ಲಿ ಬೋಟ್ ಒಂದು ಫ್ರೀಕ್ವೆನ್ಸಿಯಲ್ಲಿ ಮಾತಾಡಿದರೆ ದಡದವರು ಇನ್ನೊಂದರಲ್ಲಿ ಉತ್ತರಿಸುತ್ತಾರೆ. 20ನೇ ಚಾನೆಲ್‌ನಲ್ಲಿ ಬೋಟಿನದು 157.000, ದಡದ್ದು 161.600. ಪಟ್ಟಿ ತಪ್ಪಿದರೆ ಇಂಥ ಕೆಲವು ಕಡೆ ಸೆಟ್ ಬೇರೆಲ್ಲೋ ಕಿವಿ ಇಟ್ಟಿರುತ್ತದೆ. ಗುರುತು ಹಿಡಿಯುವುದು ಸುಲಭ: 16 ಎಲ್ಲ ಪಟ್ಟಿಯಲ್ಲೂ ಒಂದೇ. ಹಾಗಾಗಿ 16 ಚೆನ್ನಾಗಿ ಕೇಳಿ, ಬಂದರಿನ ಕೆಲಸದ ಚಾನೆಲ್ ಮಾತ್ರ ಸತ್ತಂತಿದ್ದರೆ ಮೊದಲ ಅನುಮಾನ ಇದರ ಮೇಲೆ.

ಡ್ಯುಯಲ್ ವಾಚ್, ಸ್ಕ್ಯಾನ್ ಆಫ್ ಮಾಡಿ. ಪರೀಕ್ಷೆ ಮಾಡುವಾಗ ಸೆಟ್ ಒಂದೇ ಕಡೆ ನಿಲ್ಲಬೇಕು.

ಪಕ್ಕದ ಬೋಟಿನಿಂದ ಅರ್ಧ ಗಂಟೆ ಸಾಲ

ಹುಡುಕಾಟದಲ್ಲಿ ಅತಿ ಹೆಚ್ಚು ಸಮಯ ಉಳಿಸುವುದು ಈ ಹೆಜ್ಜೆ. ಹೆಚ್ಚಿನವರು ಬಿಡುವುದೂ ಇದನ್ನೇ. ದಕ್ಕೆಯಲ್ಲಿ ಬೋಟ್‌ಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಪಕ್ಕದ ಬೋಟಿನ ಸೆಟ್ ಚೆನ್ನಾಗಿ ಕೇಳುತ್ತಿದ್ದರೆ ಅದನ್ನು ಬಿಚ್ಚಿ ತಂದು ನಿಮ್ಮ ಆಂಟೆನಾ ಕೇಬಲ್ಲಿಗೆ ಹಾಕಿ. ಅದೂ ಕಿವುಡಾದರೆ ನಿಮ್ಮ ಸೆಟ್ ನಿರಪರಾಧಿ. ನಿಮ್ಮ ಸೆಟ್ಟನ್ನು ಅವರ ಕೇಬಲ್ಲಿಗೆ ಹಾಕಿಯೂ ನೋಡಿ. ಎರಡೂ ಕಡೆಯ ಉತ್ತರ ಕೂಡಿದರೆ ಅನುಮಾನಕ್ಕೆ ಜಾಗ ಉಳಿಯುವುದಿಲ್ಲ.

ಸೆಟ್ ಸಿಗದಿದ್ದರೆ ಒಂದು ಹಂಗಾಮಿ ಆಂಟೆನಾ ಮಾಡಿಕೊಳ್ಳಿ. ಎರಡು ಮೂರು ಮೀಟರ್ ಹೊಸ 50 ಓಮ್ ಕೇಬಲ್ (ಇದು ಕೇಬಲ್ಲಿನ ಜಾತಿ, ಮಲ್ಟಿಮೀಟರಿನಲ್ಲಿ ಕಾಣುವ ಅಂಕಿಯಲ್ಲ). ಒಂದು ತುದಿಗೆ ಕನೆಕ್ಟರ್. ಇನ್ನೊಂದು ತುದಿಯಲ್ಲಿ ನಡುವಿನ ತಂತಿಗೆ 45.5 ಸೆಂ.ಮೀ. ಉದ್ದದ ತಂತಿ ಬೆಸೆಯಿರಿ, ಜಾಲರಿಗೆ ಅಷ್ಟೇ ಉದ್ದದ್ದು ಇನ್ನೊಂದು. ಒಂದು ಮೇಲಕ್ಕೆ, ಒಂದು ಕೆಳಕ್ಕೆ ಬರುವಂತೆ ಬಿದಿರಿನ ಕೋಲಿಗೆ ಕಟ್ಟಿ. ಕೇಬಲ್ ಅಡ್ಡಕ್ಕೆ ಬರಲಿ. 156.8 ಮೆಗಾಹರ್ಟ್ಸ್‌ನ ಅಲೆಯ ಉದ್ದ 1.91 ಮೀಟರ್, ಅದರ ಕಾಲು ಭಾಗಕ್ಕೆ ತುಸು ಕಡಿಮೆ ಈ 45.5. ಕೆಲವೇ ರೂಪಾಯಿಯ ಈ ಕೋಲಿನಲ್ಲಿ ನಿಮ್ಮ ದುಬಾರಿ ಆಂಟೆನಾಕ್ಕಿಂತ ಚೆನ್ನಾಗಿ ಕೇಳಿಸಿದರೆ ಕಳ್ಳ ಸಿಕ್ಕಂತೆಯೇ.

ಒಂದೇ ಆಂಟೆನಾದಿಂದ ಎಐಎಸ್‌ಗೂ (ಬೋಟ್ ಎಲ್ಲಿದೆ ಎಂದು ಸುತ್ತಲಿನವರಿಗೆ ತಿಳಿಸುವ ಪೆಟ್ಟಿಗೆ) ವೈರ್‌ಲೆಸ್‌ಗೂ ಸ್ಪ್ಲಿಟರ್ (ಸಿಗ್ನಲ್ ಹಂಚುವ ಡಬ್ಬಿ) ಹಾಕಿದ್ದರೆ ಅದನ್ನು ಬದಿಗಿಟ್ಟು ನೇರ ಜೋಡಿಸಿ ನೋಡಿ.

ಕನೆಕ್ಟರ್ ಮತ್ತು ಕೇಬಲ್

ಇಲ್ಲಿ ನಿಧಾನ ಮಾಡಿ. ನಾನು ನೋಡಿದ ತೊಂದರೆಗಳಲ್ಲಿ ಜಾಸ್ತಿ ಪಾಲು ಇಲ್ಲಿಯದೇ.

ಬ್ಯಾಟರಿ ಸ್ವಿಚ್ ಆಫ್ ಮಾಡಿ. ಸೆಟ್ಟಿನ ಹಿಂದಿನ ಪಿಎಲ್-259 ಕನೆಕ್ಟರ್ ಬಿಚ್ಚಿ ಕಣ್ಣಿಗೆ ಹತ್ತಿರ ಹಿಡಿದು ನೋಡಿ. ಹಸಿರು ಕಿಲುಬು, ಬಿಳಿ ಪುಡಿ, ಒದ್ದೆ, ಅಲುಗಾಡುವ ನಡುಪಿನ್ನು, ಇದರಲ್ಲಿ ಒಂದಿದ್ದರೂ ಹೊಸದು ಹಾಕಿ. ಕೆರೆದು ಶುಚಿ ಮಾಡಿ ಮತ್ತೆ ತಿರುಗಿಸುವುದು ಎರಡು ವಾರದ ಮಾತು ಅಷ್ಟೇ.

ಈಗ ಕೇಬಲ್. ಎರಡೂ ತುದಿ ಬಿಚ್ಚಿ ಮಲ್ಟಿಮೀಟರ್ ಹಿಡಿಯಿರಿ. ನಡುತಂತಿಗೂ ಹೊರಜಾಲರಿಗೂ ನಡುವೆ ಏನೂ ತೋರಿಸಬಾರದು. ಬೀಪ್ ಬಂದರೆ ಒಳಗೆಲ್ಲೋ ಶಾರ್ಟ್ ಇದೆ. ಆಮೇಲೆ ಮೇಲಿನ ತುದಿಯಲ್ಲಿ ತಂತಿಯನ್ನೂ ಜಾಲರಿಯನ್ನೂ ಕ್ಲಿಪ್ ಹಾಕಿ ಕೂಡಿಸಿ, ಕೆಳಗೆ ಅಳೆಯಿರಿ. ಈಗ ಒಂದು ಓಮ್‌ಗೂ ಕಡಿಮೆ ಬರಬೇಕು. ಜಾಸ್ತಿ ಬಂದರೆ, ಅಥವಾ ಕೇಬಲ್ ಅಲ್ಲಾಡಿಸಿದಾಗ ಅಂಕಿ ಕುಣಿದರೆ, ಒಳಗೆ ತುಂಡಾಗುತ್ತಿದೆ ಎಂದರ್ಥ. ಎಂಜಿನ್ ನಡುಗುವಾಗ ಮಾತ್ರ ದನಿ ಕತ್ತರಿಸುವ ಬೋಟ್‌ಗಳ ಕತೆ ಹೆಚ್ಚಾಗಿ ಇದೇ.

ಆಂಟೆನಾ ಜೋಡಿಸಿದ ಹಾಗೇ ಮೀಟರ್ ಹಿಡಿದು 'ಶಾರ್ಟ್ ಇದೆ' ಎಂದು ಗಾಬರಿಯಾಗಬೇಡಿ. ಹಲವು ಫೈಬರ್ ಆಂಟೆನಾಗಳ ಒಳಗೆ ಒಂದು ಸುರುಳಿ ಇರುತ್ತದೆ. ಮೀಟರಿಗೆ ಅದು ಶಾರ್ಟ್‌ನಂತೆ ಕಾಣುತ್ತದೆ, ರೇಡಿಯೋ ಅಲೆಗೆ ಹಾಗಲ್ಲ. ಕೆಲವಕ್ಕೆ ಕೇಬಲ್ ಕಾರ್ಖಾನೆಯಲ್ಲೇ ಸೇರಿಸಿ ಅಚ್ಚು ಹಾಕಿರುತ್ತಾರೆ. ಅಂಥದ್ದರ ತುದಿ ಬಿಚ್ಚಲಾಗದು. ಅಲ್ಲಿ ಎಸ್‌ಡಬ್ಲ್ಯುಆರ್ (ಕಳಿಸಿದ ಶಕ್ತಿಯಲ್ಲಿ ಎಷ್ಟು ವಾಪಸ್ ಬರುತ್ತದೆ ಎಂದು ತೋರಿಸುವ ಅಂಕಿ; 1 ಆದರೆ ಏನೂ ಇಲ್ಲ) ಅಳೆಯುವುದೇ ದಾರಿ, ಅದಕ್ಕೆ ಮುಂದೆ ಬರುತ್ತೇನೆ.

ಮಲ್ಟಿಮೀಟರ್ ಹೇಳದ ಇನ್ನೊಂದು ರೋಗವಿದೆ. ಮೇಲಿನ ಕನೆಕ್ಟರಿನಲ್ಲಿ ಸಣ್ಣ ಸಂದಿ ಇದ್ದರೆ ಸಾಕು, ದೀಪದ ಬತ್ತಿ ಎಣ್ಣೆ ಹೀರಿದ ಹಾಗೆ ಜಾಲರಿ ಉಪ್ಪುನೀರು ಹೀರುತ್ತದೆ. ಮೀಟರುಗಟ್ಟಲೆ ಕೆಳಗೆ ಇಳಿಯುತ್ತದೆ. ತಾಮ್ರ ಕಪ್ಪಾಗುತ್ತದೆ. ಆಗಲೂ ಓಮ್ ಸರಿಯಾಗೇ ತೋರಿಸಬಹುದು, ಆದರೆ ಸಿಗ್ನಲ್ ದಾರಿಯಲ್ಲೇ ಕರಗಿ ಹೋಗುತ್ತದೆ. ಪರೀಕ್ಷೆಗೆ ತುದಿಯಲ್ಲಿ ಒಂದೆರಡು ಇಂಚು ಸಿಪ್ಪೆ ತೆಗೆಯಿರಿ. ಜಾಲರಿ ಹೊಳೆಯಬೇಕು. ಕಪ್ಪಾಗಿದ್ದರೆ 30 ಸೆಂ.ಮೀ. ಕತ್ತರಿಸಿ ಮತ್ತೆ ನೋಡಿ. ಆಗಲೂ ಕಪ್ಪಾಗಿದ್ದರೆ ಪೂರ್ತಿ ಕೇಬಲ್ ಬದಲಿಸಿ. ಭಾವನ ಬೋಟಿನಲ್ಲಿ ಒಂದೂವರೆ ಮೀಟರ್ ಕತ್ತರಿಸಿದರೂ ಕಪ್ಪೇ ಇತ್ತು.

ಹೊಸ ಕೇಬಲ್ ಕೊಳ್ಳುವಾಗ ಮೈಮೇಲಿನ ಬರಹ ಓದಿ. 50 ಓಮ್ ಇರಬೇಕು. ಒಮ್ಮೆ ನಾನು ಅವಸರದಲ್ಲಿ ಇಲ್ಲಿನ ಒಂದು ಅಂಗಡಿಯಿಂದ ಸುರುಳಿ ಕಟ್ಟಿಸಿಕೊಂಡು ಕಳಿಸಿದೆ. ಅದು ಡಿಶ್ ಟಿವಿಗೆ ಹಾಕುವ 75 ಓಮ್ ಕೇಬಲ್. ನೋಡಲು ಒಂದೇ ತರ. ಮಲ್ಪೆಗೆ ಹೋದ ಮೇಲೆ ಗೊತ್ತಾಯಿತು, ಅವರಿಗೆ ಒಂದು ಟ್ರಿಪ್ ವ್ಯರ್ಥ. ಅಂದಿನಿಂದ ಬರಹ ಓದದೆ ದುಡ್ಡು ಕೊಡುವುದಿಲ್ಲ.

ಯಾವ ದಪ್ಪ? ಈ ಫ್ರೀಕ್ವೆನ್ಸಿಯಲ್ಲಿ ತೆಳ್ಳನೆಯ ಆರ್‌ಜಿ-58 ಕೇಬಲ್ 100 ಮೀಟರಿಗೆ ಸುಮಾರು 20 ಡೆಸಿಬೆಲ್ ತಿನ್ನುತ್ತದೆ. ಆರ್‌ಜಿ-8ಎಕ್ಸ್ ಸುಮಾರು 15, ದಪ್ಪನೆಯ ಆರ್‌ಜಿ-213 ಸುಮಾರು 9. 3 ಡೆಸಿಬೆಲ್ ಅಂದರೆ ಅರ್ಧ ಶಕ್ತಿ. 5 ಮೀಟರ್ ದಾರಿಗೆ ಆರ್‌ಜಿ-58 ನಡೆಯುತ್ತದೆ. 15 ಮೀಟರ್ ಆದರೆ ಅದು ಬಂದ ಸಿಗ್ನಲ್ಲಿನ ಅರ್ಧ ತಿಂದುಬಿಡುತ್ತದೆ. ಎತ್ತರದ ಕಂಬಕ್ಕೆ ದಪ್ಪನೆಯದನ್ನೇ ಹಾಕಿ, ಸಾಧ್ಯವಾದರೆ ತವರ ಲೇಪಿಸಿದ ತಾಮ್ರದ್ದು. ಉಳಿದ ಕೇಬಲ್ಲನ್ನು ಮುಷ್ಟಿಯಷ್ಟು ಸಣ್ಣ ಸುರುಳಿ ಸುತ್ತಿ ಮೂಲೆಗೆ ತುರುಕಬೇಡಿ. ಊಟದ ತಟ್ಟೆಯಷ್ಟು ಅಗಲ ಇರಲಿ.

ಕನೆಕ್ಟರ್ ಹಾಕುವ ಬಗೆ. ಮೊದಲು ಹೊರಗಿನ ತಿರುಪು ಬಳೆಯನ್ನು ಕೇಬಲ್ಲಿಗೆ ಏರಿಸಿ. ಇದನ್ನು ಮರೆತು ಬೆಸುಗೆಯೆಲ್ಲ ಮುಗಿಸಿ ಮತ್ತೆ ಕತ್ತರಿಸಿದವರು ಬಹಳ. ತೆಳ್ಳನೆಯ ಕೇಬಲ್ ಆದರೆ ರೆಡ್ಯೂಸರ್ ಬೇಕು: ಆರ್‌ಜಿ-58ಕ್ಕೆ ಯುಜಿ-175, ಆರ್‌ಜಿ-8ಎಕ್ಸ್‌ಗೆ ಯುಜಿ-176. ಜಾಲರಿಯನ್ನು ರೆಡ್ಯೂಸರಿನ ಮೇಲೆ ಹಿಂದಕ್ಕೆ ಮಡಚಿ, ಹೆಚ್ಚಿನ ಎಳೆಗಳನ್ನು ಕತ್ತರಿಸಿ, ಕನೆಕ್ಟರಿನೊಳಗೆ ತಿರುಗಿಸಿ. ಪಕ್ಕದ ತೂತುಗಳಲ್ಲಿ ಜಾಲರಿಗೆ ಬೆಸುಗೆ ಹಾಕಿ, ತುದಿಯಲ್ಲಿ ನಡುಪಿನ್ನಿಗೆ ಹಾಕಿ. 25 ವಾಟಿನ ಐರನ್‌ಗೆ ಈ ಲೋಹವನ್ನು ಕಾಯಿಸುವ ಶಕ್ತಿ ಇಲ್ಲ. ಸೀಸ ಮೇಲೆ ಅಂಟಿದಂತೆ ಕಂಡರೂ ಒಳಗೆ ಹಿಡಿದಿರುವುದಿಲ್ಲ. 60 ವಾಟ್ ಅಥವಾ ಅದಕ್ಕಿಂತ ಹೆಚ್ಚಿನದು ತನ್ನಿ. ಎಸ್.ಪಿ. ರಸ್ತೆಯಲ್ಲಿ ಕನೆಕ್ಟರ್ ಕೊಳ್ಳುವಾಗ ಟೆಫ್ಲಾನ್ ಒಳಭಾಗ ಇರುವುದನ್ನೇ ಕೇಳಿ. ಸಾದಾ ಪ್ಲಾಸ್ಟಿಕ್ಕಿನದು ಐರನ್ ಬಿಸಿಗೆ ಕರಗಿ ಪಿನ್ನು ಓರೆಯಾಗುತ್ತದೆ. ಮುಗಿದ ಮೇಲೆ ಮತ್ತೊಮ್ಮೆ ಮೀಟರ್ ಹಿಡಿದು ಶಾರ್ಟ್ ಇಲ್ಲವೆಂದು ನೋಡಿಕೊಳ್ಳಿ.

ಹೊರಗಿನ ಕನೆಕ್ಟರಿಗೆ ನೀರು ಹೋಗದಂತೆ ಕಟ್ಟಬೇಕು. ತನಗೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಸಿಗುತ್ತದೆ. ಎರಡು ಪಟ್ಟು ಉದ್ದಕ್ಕೆ ಎಳೆಯುತ್ತಾ ಕೆಳಗಿನಿಂದ ಮೇಲಕ್ಕೆ ಸುತ್ತಿ. ಆಗ ಪದರಗಳು ಮನೆಯ ಹಂಚಿನಂತೆ ಒಂದರ ಮೇಲೊಂದು ಕೂತು ನೀರು ಹೊರಗೇ ಜಾರುತ್ತದೆ. ಬಿಸಿಲಿನ ರಕ್ಷಣೆಗೆ ಮೇಲೊಂದು ಪದರ ಕಪ್ಪು ಪಿವಿಸಿ ಟೇಪ್. ಸಿಲಿಕೋನ್ ಹಚ್ಚುವುದಾದರೆ ವಾಸನೆ ನೋಡಿ. ವಿನೆಗರ್ ತರ ಹುಳಿ ವಾಸನೆ ಬರುವುದರಿಂದ ಹೊರಡುವ ಆಮ್ಲ ತಾಮ್ರವನ್ನು ತಿನ್ನುತ್ತದೆ. ನ್ಯೂಟ್ರಲ್ ಕ್ಯೂರ್ ಎಂದು ಬರೆದಿರುವುದು ಬೇಕು. ಕ್ಯಾಬಿನ್ನಿನ ತೂತಿಗೆ ನುಗ್ಗುವ ಮೊದಲು ಕೇಬಲ್ ಸ್ವಲ್ಪ ಜೋತು ಬೀಳಲಿ. ನೀರು ಆ ತಗ್ಗಿನಿಂದ ತೊಟ್ಟಿಕ್ಕಿ ಹೋಗುತ್ತದೆ.

ಆಂಟೆನಾ

ನೇರ ನಿಂತಿದೆಯೇ? ಎಷ್ಟೋ ಬೋಟ್‌ಗಳಲ್ಲಿ ಸೇತುವೆ ದಾಟುವಾಗ ಮಡಚಿದ್ದು ಮತ್ತೆ ನಿಮಿರಿರುವುದೇ ಇಲ್ಲ. ಫೈಬರ್ ಮೈ ಬಿರುಕು ಬಿಟ್ಟು ಎಳೆ ಎಳೆಯಾಗಿದ್ದರೆ ಒಳಗೆ ನೀರು ಸೇರಿದೆ ಎಂದೇ ತಿಳಿಯಿರಿ. ಕಬ್ಬಿಣದ ಕಂಬಕ್ಕೆ ಒತ್ತಿಕೊಂಡಂತೆ ಕಟ್ಟಬೇಡಿ, ಬೇರೆ ಆಂಟೆನಾಗಳಿಂದ ಒಂದು ಮೀಟರ್ ಆದರೂ ದೂರ ಇರಲಿ. ರೇಡಾರ್ ತಿರುಗುವ ಮಟ್ಟದಲ್ಲಿ ಬೇಡ. ಮೇಲೆ ಹತ್ತುವಾಗ ರೇಡಾರ್ ಆಫ್ ಆಗಿರಬೇಕು, ಕೆಳಗೆ ಯಾರೂ ಮೈಕ್ ಒತ್ತಬಾರದು.

'9 ಡೆಸಿಬೆಲ್ ಆಂಟೆನಾ ಹಾಕಿದರೆ ಜಾಸ್ತಿ ಕೇಳುತ್ತಾ?' ಎಂದು ಎಲ್ಲರೂ ಕೇಳುತ್ತಾರೆ. ಇಲ್ಲಿ ಡೆಸಿಬೆಲ್ ಅಂದರೆ ಆಂಟೆನಾ ಶಕ್ತಿಯನ್ನು ಒಂದು ಕಡೆಗೆ ಎಷ್ಟು ಒಟ್ಟುಮಾಡುತ್ತದೆ ಎಂಬ ಅಳತೆ. ಅದು ಏರಿದಂತೆ ಆಂಟೆನಾದ ನೋಟ ಚಪ್ಪಟೆಯಾಗುತ್ತದೆ. ಬೋಟ್ ಹೊಯ್ದಾಡುವಾಗ ಆ ನೋಟ ಒಮ್ಮೆ ಆಕಾಶಕ್ಕೆ, ಒಮ್ಮೆ ನೀರಿಗೆ ಹೋಗುತ್ತದೆ. ದನಿ ಅಲೆಯ ತಾಳಕ್ಕೆ ಏರಿಳಿಯುತ್ತದೆ. ಸಣ್ಣ ಬೋಟಿಗೆ ಒಂದು ಮೀಟರ್ ಉದ್ದದ 3 ಡೆಸಿಬೆಲ್ಲಿನದನ್ನೇ ಎತ್ತರದಲ್ಲಿ ಹಾಕಿ ಎನ್ನುವುದು ನನ್ನ ಸಲಹೆ. ದೊಡ್ಡ ಬೋಟಿಗೆ 6 ಆಗಬಹುದು.

ಎಸ್‌ಡಬ್ಲ್ಯುಆರ್ ಅಳೆಯಲು 156 ಮೆಗಾಹರ್ಟ್ಸ್‌ಗೆ ಹೊಂದುವ ಮೀಟರ್ ಬೇಕು. 27 ಮೆಗಾಹರ್ಟ್ಸ್ ಮೀಟರ್ ಸುಳ್ಳು ಹೇಳುತ್ತದೆ. ಬೆಂಗಳೂರಿನಲ್ಲಿ ಹ್ಯಾಮ್ ರೇಡಿಯೋದವರು (ಹವ್ಯಾಸಕ್ಕೆ ವೈರ್‌ಲೆಸ್ ನಡೆಸುವವರು) ಬಹಳ ಜನ ಇದ್ದಾರೆ. ಅವರ 'ಎರಡು ಮೀಟರ್' ಎಂಬ ಬ್ಯಾಂಡ್ 144ರಿಂದ 146 ಮೆಗಾಹರ್ಟ್ಸ್, ನಮಗೆ ಹತ್ತಿರದ್ದೇ. ಅವರ ವಿಎಚ್‌ಎಫ್ ಮೀಟರ್ ಇಲ್ಲಿಗೂ ನಡೆಯುತ್ತದೆ. ಅವರ ಆಂಟೆನಾ ಮಾತ್ರ ನಡೆಯದು, ಉದ್ದ ಬೇರೆ. ನಾನು ಮಲ್ಪೆಗೆ ಒಯ್ದದ್ದು ನ್ಯಾನೊವಿಎನ್‌ಎ ಎಂಬ ಅಂಗೈಯಗಲದ ಅಳತೆ ಯಂತ್ರ. ಅದು ಮೈಕ್ ಒತ್ತದೆಯೇ 150ರಿಂದ 165ರವರೆಗೆ ಪೂರ್ತಿ ಗೆರೆ ಬರೆದು ತೋರಿಸುತ್ತದೆ. 1.5 ಒಳಗಿದ್ದರೆ ಚೆನ್ನ. 2 ಆದರೆ ಸುಮಾರು 11 ಶೇಕಡಾ ವಾಪಸ್ ಬರುತ್ತದೆ, ನಡೆಯುತ್ತದೆ. 3 ಆದರೆ 25 ಶೇಕಡಾ. ಅಲ್ಲಿಗೆ ಏನೋ ಕೆಟ್ಟಿದೆ.

ಒಂದು ಮೋಸ ಇದೆ, ಅನುಭವಿಗಳೂ ಇದರಲ್ಲಿ ಬೀಳುತ್ತಾರೆ. ಕೇಬಲ್ ಪೂರ್ತಿ ಕೆಟ್ಟಿದ್ದರೆ ಎಸ್‌ಡಬ್ಲ್ಯುಆರ್ ಬಹಳ ಚೆನ್ನಾಗಿ ಕಾಣಿಸುತ್ತದೆ! ಹೋದ ಶಕ್ತಿಯನ್ನೂ ತಿಂದು, ವಾಪಸ್ ಬರುವುದನ್ನೂ ಕೇಬಲ್ಲೇ ತಿನ್ನುತ್ತದೆ. ಮೀಟರಿಗೆ ಕಾಣಲು ಏನೂ ಉಳಿಯುವುದಿಲ್ಲ. ಭಾವನ ಬೋಟಿನಲ್ಲಿ 150ರಿಂದ 165ರವರೆಗೂ ಒಂದೇ ಸಮನೆ 1.1 ಬಂತು. ನಿಜವಾದ ಆಂಟೆನಾದ ಗೆರೆ ಒಂದು ಕಡೆ ತಗ್ಗಿ ಎರಡೂ ಬದಿಗೆ ಏರಬೇಕು. ಚಪ್ಪಟೆ ಗೆರೆ ಕಂಡರೆ ಆಂಟೆನಾ ಬಿಚ್ಚಿ ತುದಿ ತೆರೆದಿಟ್ಟು ಮತ್ತೆ ಅಳೆಯಿರಿ. ಆಗ ಅಂಕಿ ತುಂಬ ಮೇಲೆ ಜಿಗಿಯಬೇಕು. ಜಿಗಿಯದಿದ್ದರೆ ಕೇಬಲ್ ಸತ್ತಿದೆ.

ರಾತ್ರಿ ಮಾತ್ರ ಕೇಳಿಸದಿದ್ದರೆ

ಕೇಬಲ್ ಬದಲಿಸಿದ ದಿನ ಮಧ್ಯಾಹ್ನ ಎಲ್ಲ ಸ್ಪಷ್ಟ ಕೇಳಿಸಿತು. ಸಂಜೆ ಏಳಕ್ಕೆ ಮತ್ತೆ ಮಂಕು. ಭಾವ ಆಗ ಹೇಳಿದರು: "ಹೌದು ಮಾರಾಯ, ರಾತ್ರಿಯೇ ಜಾಸ್ತಿ ತೊಂದರೆ ಇದ್ದದ್ದು." ಇದನ್ನು ಮೊದಲ ಫೋನಿನಲ್ಲೇ ಕೇಳಬೇಕಿತ್ತು ನಾನು. ಈಗ ಎಲ್ಲರಿಗೂ ಮೊದಲು ಕೇಳುವ ಪ್ರಶ್ನೆ ಇದೇ.

ಕಾರಣ ಎಲ್‌ಇಡಿ ಲೈಟು. ದೀಪ ಕಾರಣ ಅಂದರೆ ನಂಬುವುದು ಕಷ್ಟ, ಆದರೆ ಅಗ್ಗದ ಎಲ್‌ಇಡಿಯ ಒಳಗೆ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕತ್ತರಿಸುವ ಒಂದು ಸರ್ಕ್ಯೂಟ್ ಇರುತ್ತದೆ. ಅದರ ಗದ್ದಲ ವಿಎಚ್‌ಎಫ್‌ವರೆಗೂ ಹರಡುತ್ತದೆ. ಅಮೆರಿಕದ ಕೋಸ್ಟ್ ಗಾರ್ಡ್ 2018ರಲ್ಲಿ ಇದರ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ಸೆಟ್ ಎಫ್‌ಎಂ ಆದ್ದರಿಂದ ಕರಕರ ಸದ್ದು ಬರುವುದಿಲ್ಲ. ಹತ್ತಿರದ ಬೋಟ್ ಚೆನ್ನಾಗೇ ಕೇಳುತ್ತದೆ. ದೂರದ್ದು ಮಾತ್ರ ಸದ್ದಿಲ್ಲದೆ ಮಾಯವಾಗುತ್ತದೆ. ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ.

ಹಿಡಿಯುವುದು ಹೀಗೆ. ಸೆಟ್ ಒಂದನ್ನು ಬಿಟ್ಟು ಬೋಟಿನ ಎಲ್ಲವನ್ನೂ ಆಫ್ ಮಾಡಿ, ಎಂಜಿನ್ ಕೂಡ. ಯಾರೂ ಮಾತಾಡದ ಒಂದು ಚಾನೆಲ್ ಹಾಕಿ. ಸ್ಕ್ವೆಲ್ಚನ್ನು 'ಸ್ಸ್' ಈಗಷ್ಟೇ ನಿಂತ ಜಾಗದಲ್ಲಿ ಬಿಡಿ. ಈಗ ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ: ಡೆಕ್ ಲೈಟು, ನ್ಯಾವಿಗೇಶನ್ ಲೈಟು, ಫಿಶ್ ಫೈಂಡರ್, ಜಿಪಿಎಸ್, ಬಿಲ್ಜ್ ಪಂಪು, ಮೊಬೈಲ್ ಚಾರ್ಜರ್, ಇನ್ವರ್ಟರ್, ಕೊನೆಗೆ ಎಂಜಿನ್. ಯಾವುದನ್ನು ಹಾಕಿದಾಗ 'ಸ್ಸ್' ಮತ್ತೆ ಹೊರಬಂತೋ ಅದೇ ಅಪರಾಧಿ. ಒಂದಕ್ಕಿಂತ ಹೆಚ್ಚು ಇರಬಹುದು, ಹಾಗಾಗಿ ಒಂದು ಸಿಕ್ಕಿತೆಂದು ನಿಲ್ಲಿಸಬೇಡಿ.

24 ವೋಲ್ಟ್ ಬ್ಯಾಟರಿ ಇರುವ ಬೋಟ್‌ಗಳಲ್ಲಿ ಇನ್ನೊಬ್ಬ ಶಂಕಿತ ಇದ್ದಾನೆ: ಸೆಟ್ಟಿಗೆಂದು ಹಾಕಿದ 24ರಿಂದ 12 ವೋಲ್ಟಿನ ಕನ್ವರ್ಟರ್. ಇದನ್ನು ಆಫ್ ಮಾಡಿದರೆ ಸೆಟ್ಟೇ ಆಫ್, ಹಾಗಾಗಿ ಮೇಲಿನ ಪರೀಕ್ಷೆಯಲ್ಲಿ ತಪ್ಪಿಸಿಕೊಳ್ಳುತ್ತದೆ. ಸೆಟ್ಟನ್ನು ತಾತ್ಕಾಲಿಕವಾಗಿ ಬೇರೆ 12 ವೋಲ್ಟ್ ಬ್ಯಾಟರಿಗೆ ಹಾಕಿ ಹೋಲಿಸಿ. ಕನ್ವರ್ಟರ್ ಬೇಡವೆಂದು ಎರಡು ಬ್ಯಾಟರಿಯಲ್ಲಿ ಒಂದರಿಂದ ಮಾತ್ರ 12 ಎಳೆಯುವುದೂ ಸರಿಯಲ್ಲ. ಆ ಒಂದು ಬೇಗ ಸಾಯುತ್ತದೆ.

ಪರಿಹಾರ? ಅಪರಾಧಿಯ ತಂತಿಯನ್ನು ಆಂಟೆನಾ ಕೇಬಲ್ಲಿನಿಂದ ದೂರ ಎಳೆಯಿರಿ. ಜೊತೆಯಾಗಿ ಒಂದೇ ಪೈಪಿನಲ್ಲಿ ಹಾಕಬೇಡಿ. ಲೈಟಿನ ಹತ್ತಿರವೇ ಎರಡೂ ತಂತಿ ಸೇರಿಸಿ ಫೆರೈಟ್ ಮಣಿ (ಗದ್ದಲ ತಡೆಯುವ ಕಪ್ಪು ಉಂಗುರ) ಹಾಕಿ, ಸಾಧ್ಯವಾದರೆ ಎರಡು ಮೂರು ಸುತ್ತು. ಕೊಳ್ಳುವಾಗ 43ನೇ ಮಿಶ್ರಣ (ಮಿಕ್ಸ್ 43) ಕೇಳಿ, ಅದು ಈ ಫ್ರೀಕ್ವೆನ್ಸಿಗೆ ಹೊಂದುತ್ತದೆ. ಆದರೂ ಬಗ್ಗದ ಲೈಟುಗಳಿವೆ. ಭಾವನ ಎರಡು ಡೆಕ್ ಲೈಟು ಫೆರೈಟಿಗೆ ಜಗ್ಗಲಿಲ್ಲ. ಬಿಚ್ಚಿ ಬೇರೆ ಹಾಕಿದೆವು. ಆಂಟೆನಾದ ಬುಡದಲ್ಲೇ ಕಟ್ಟಿದ್ದವು ಅವು.

ಕರೆಂಟು

ಕೇಳಿಸಿಕೊಳ್ಳಲು ಸೆಟ್ಟಿಗೆ ಹೆಚ್ಚು ಕರೆಂಟು ಬೇಡ. ಹಾಗಾಗಿ ಬರೀ ಕೇಳಿಸದ ತೊಂದರೆಗೆ ಇದು ಅಪರೂಪದ ಕಾರಣ. ಆದರೆ 25 ವಾಟಿನಲ್ಲಿ ಮಾತಾಡುವಾಗ 5-6 ಆಂಪಿಯರ್ ಎಳೆಯುತ್ತದೆ. ಮೈಕ್ ಒತ್ತಿದ ಕೂಡಲೇ ಸೆಟ್ ಆಫ್ ಆಗಿ ಆನ್ ಆದರೆ, ಒತ್ತಿದಾಗ ಸೆಟ್ಟಿನ ಹಿಂದೆ ವೋಲ್ಟ್ ಅಳೆಯಿರಿ. 11.7ಕ್ಕಿಂತ ಕೆಳಗಿಳಿದರೆ ತಂತಿ ತೆಳ್ಳಗಾಯಿತು ಅಥವಾ ಫ್ಯೂಸ್ ಹೋಲ್ಡರ್ ಕಿಲುಬು ಹಿಡಿದಿದೆ.

ಬೆಂಗಳೂರಿಗೆ ಕಳಿಸುವುದಾದರೆ

ಪಕ್ಕದ ಬೋಟಿನ ಕೇಬಲ್ಲಿಗೆ ಹಾಕಿದರೂ ನಿಮ್ಮ ಸೆಟ್ ಕಿವುಡಾಗಿದ್ದರೆ ಈಗ ಕಳಿಸಿ. ಸಿಡಿಲು ಹತ್ತಿರ ಬಡಿದಿದ್ದರೆ, ಸೆಟ್ಟಿನೊಳಗೆ ನೀರು ಹೋಗಿದ್ದರೆ, ಅಥವಾ ಎರಡು ಸೆಟ್ಟಿನ ಆಂಟೆನಾ ಒತ್ತಾಗಿದ್ದು ಒಂದರ ಶಕ್ತಿ ಇನ್ನೊಂದಕ್ಕೆ ನುಗ್ಗಿದ್ದರೆ ಮೊದಲ ಹಂತದ ಟ್ರಾನ್ಸಿಸ್ಟರ್ ಹೋಗಿರಬಹುದು. ಒಳ್ಳೆಯ ಸೆಟ್ 0.25 ಮೈಕ್ರೋವೋಲ್ಟ್ ಸಿಗ್ನಲ್ಲಿಗೇ ಸ್ಪಷ್ಟವಾಗಿ ಮಾತಾಡುತ್ತದೆ. ಕಿವುಡಾದ ಸೆಟ್ಟಿಗೆ 2-3 ಕೊಟ್ಟರೂ ಸಾಲದು. ಬೆಂಚಿನ ಮೇಲೆ ಇದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ. ಮಾತಾಡುವ ಭಾಗವನ್ನು ನಾನು ಡಮ್ಮಿ ಲೋಡಿಗೆ (ಆಂಟೆನಾ ಬದಲು ಶಕ್ತಿಯನ್ನು ಬಿಸಿ ಮಾಡಿ ಮುಗಿಸುವ ರೆಸಿಸ್ಟರ್) ಹಾಕಿ ಮಾತ್ರ ನೋಡುತ್ತೇನೆ. ಸಮುದ್ರದ ಚಾನೆಲ್‌ನಲ್ಲಿ ಊರಿನಿಂದ ಮಾತಾಡಲು ನನಗೆ ಅನುಮತಿ ಇಲ್ಲ.

ಡಬ್ಬದಲ್ಲಿ ಸೆಟ್ ಜೊತೆ ಮೈಕ್, ಪವರ್ ತಂತಿ ಮತ್ತು ಸೆಟ್ಟಿನಿಂದ ಬಿಚ್ಚಿದ ಕನೆಕ್ಟರಿನ ಫೋಟೋ ಇರಲಿ. ಚೀಟಿಯಲ್ಲಿ ಇಷ್ಟು ಬರೆಯಿರಿ: ಹಗಲೋ ರಾತ್ರಿಯೋ, ಎಂಜಿನ್ ಓಡುವಾಗಲೋ ನಿಂತಾಗಲೋ, ಯಾವ ಚಾನೆಲ್, ಎಷ್ಟು ದೂರದ ಬೋಟ್.

ಎಲ್ಲ ಸರಿ ಮಾಡಿದ ಮೇಲೆ ಪರೀಕ್ಷೆಯ ಮಾತುಕತೆಗೆ 16 ಬಳಸಬೇಡಿ. ಗೊತ್ತಿರುವ ಬೋಟಿನವರಿಗೆ ಮೊದಲೇ ಹೇಳಿ ಬೇರೆ ಚಾನೆಲ್‌ನಲ್ಲಿ, ಲೈಸೆನ್ಸ್ ಇರುವ ಸೆಟ್ಟಿನಿಂದ, 1 ವಾಟಿನಲ್ಲಿ ಶುರು ಮಾಡಿ. ಕ್ಯಾಬಿನ್ನಿನಲ್ಲಿ ಕೋಸ್ಟ್ ಗಾರ್ಡಿನ 1554 ಮತ್ತು ಕರಾವಳಿ ಪೊಲೀಸರ 1093 ದೊಡ್ಡದಾಗಿ ಬರೆದಿಡಿ. ಮೊಬೈಲ್ ಸಿಗ್ನಲ್ ಇರುವವರೆಗೆ ಅವು ನಿಮ್ಮ ಎರಡನೇ ದಾರಿ. ಅದರಾಚೆ 16 ಒಂದೇ.

ಅದರ ಪಕ್ಕದಲ್ಲೇ ಮಾರ್ಕರಿನಲ್ಲಿ ಇನ್ನೆರಡು ಸಾಲು ಬರೆಯಿರಿ: ಕೇಬಲ್ ಹಾಕಿದ ತಾರೀಕು, ಅಂದು ಬಂದ ಎಸ್‌ಡಬ್ಲ್ಯುಆರ್ ಅಂಕಿ. ಭಾವನ ಕ್ಯಾಬಿನ್ನಿನಲ್ಲಿ ಈಗ 1.4 ಎಂದು ಬರೆದಿದೆ. ಮುಂದಿನ ಜೂನ್‌ನಲ್ಲಿ ಮತ್ತೆ ಅಳೆದು ಅದರ ಕೆಳಗೆ ಬರೆಯುತ್ತೇವೆ.